ಉಗ್ರಾಣದ ಹಲಗೆಯೂ ಗಣಕಯಂತ್ರದ ಕೈಪಿಡಿಯೂ

ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರ ಕಾಗದವು ಬಂದ ಮೇಲೆ, ಏನನ್ನು ಬರೆಯಲೆಂದು ತೋಚದೆ ಎರಡು ವಾರಗಳನ್ನು ಕಳೆದೆನು. ನನ್ನ ಜೊತೆಯಲ್ಲಿ ಓದಿದವರಲ್ಲಿ ಕೆಲವರು ವೈದ್ಯರಾಗಿರುವರು, ಕೆಲವರು ಉಪಾಧ್ಯಾಯಿನಿಯರಾಗಿರುವರು. ಅವರ ಕೆಲಸವೇನೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಉದ್ಯೋಗವಾದರೋ ಗಣಕಯಂತ್ರಗಳನ್ನು ನೋಡಿಕೊಳ್ಳುವವರಿಗಾಗಿ ಕೈಪಿಡಿಗಳನ್ನು ಬರೆಯುವುದು. "ಅದೂ ಒಂದು ಕೆಲಸವೇ ಮಗಳೇ?" ಎಂದು ನನ್ನ ತಾಯಿಯವರು ಕೊನೆಯವರೆಗೂ ಕೇಳುತ್ತಿದ್ದರು. ಆದರೂ ಈ ಶಾಲೆಯ ಬೋರ್ಡಿಂಗಿನಲ್ಲಿ ನಾನು ಕಲಿತ ಒಂದು ಸಂಗತಿಗೂ, ಆ ಉದ್ಯೋಗದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿಗೂ ಹತ್ತಿರದ ನಂಟಿರುವುದರಿಂದ, ಅದನ್ನೇ ಬರೆಯಲು ಧೈರ್ಯಮಾಡಿರುವೆನು. ಗಣಕಯಂತ್ರದ ಒಳಗನ್ನು ಎಂದೂ ಕಾಣದ ತಂದೆತಾಯಿಗಳೂ ಇದನ್ನು ಓದುವರೆಂಬುದು ನನ್ನ ನೆನಪಿನಲ್ಲಿದೆ. ಎಲ್ಲಿಯಾದರೂ ಕಠಿನವಾದರೆ ದೋಷವು ನನ್ನದೆಂದು ತಿಳಿದು ಮುಂದಕ್ಕೆ ಹೋಗಬೇಕಾಗಿ ಬೇಡುತ್ತೇನೆ.

ನಾನು ಬೋರ್ಡಿಂಗಿಗೆ ಸೇರಿದುದು 1985ರಲ್ಲಿ. ಅಡಿಗೆಮನೆಯ ಹಿಂದೆ ಕತ್ತಲೆಯ ಉಗ್ರಾಣವೊಂದಿದ್ದಿತು. ಅದರ ಬಾಗಿಲಿನಲ್ಲಿ ಒಂದು ಕಪ್ಪು ಹಲಗೆಯನ್ನು ತೂಗುಹಾಕಿದ್ದರು. ಅಕ್ಕಿ, ರಾಗಿ, ತೊಗರಿಬೇಳೆ, ಬೆಲ್ಲ, ಎಣ್ಣೆ, ಸೀಮೆಎಣ್ಣೆ ಎಂದು ಎಡಗಡೆಯಲ್ಲಿ ಬಿಳಿಯ ಬಣ್ಣದಿಂದ ಬರೆದ ಹೆಸರುಗಳು. ಬಲಗಡೆಯಲ್ಲಿ ಸೀಮೆಸುಣ್ಣದ ಅಂಕೆಗಳು. ಪ್ರತಿದಿನವೂ ಸಂಜೆ ಅಡಿಗೆಗೆ ಅಳೆದುಕೊಟ್ಟ ಮೇಲೆ, ಉಳಿದುದೆಷ್ಟೆಂದು ನೋಡಿ, ಹಳೆಯ ಅಂಕೆಯನ್ನು ಒರಸಿ, ಹೊಸದನ್ನು ಬರೆದು, ಕೆಳಗೆ ತಾರೀಖನ್ನೂ ಗಂಟೆಯನ್ನೂ ಹಾಕಬೇಕೆಂಬುದು ಮೇಟ್ರನ್ ಅಮ್ಮನವರ ಕಟ್ಟಳೆಯಾಗಿದ್ದಿತು. ವಾರಕ್ಕೊಬ್ಬಳಂತೆ ದೊಡ್ಡ ಹುಡುಗಿಯರಿಗೆ ಈ ಕೆಲಸವು ಬರುತ್ತಿದ್ದಿತು. ಗಂಟೆಯನ್ನೇಕೆ ಬರೆಯಬೇಕೆಂದು ನಾವು ನಗುತ್ತಿದ್ದೆವು. ಅಕ್ಕಿಯೇನು ರೈಲುಗಾಡಿಯೇ ಎಂದು ನಮ್ಮಲ್ಲಿ ತುಂಟಿಯೊಬ್ಬಳು ಕೇಳಿದುದು ಇನ್ನೂ ಕಿವಿಯಲ್ಲಿದೆ.

ನನ್ನ ಸರದಿಯ ವಾರದಲ್ಲಿ ವಾರ್ಷಿಕೋತ್ಸವದ ನಾಟಕದ ಅಭ್ಯಾಸವು ನಡೆಯುತ್ತಿದ್ದಿತು. ಗುರುವಾರ ಅಕ್ಕಿಯ ಮುಂದೆ 60 ಕಿಲೋ ಎಂದು ಬರೆದವಳು, ಶುಕ್ರವಾರವೂ ಶನಿವಾರವೂ ಆತುರದಲ್ಲಿ ಅಳೆದುಕೊಟ್ಟು ಓಡಿಹೋದೆನು. ಹಲಗೆಯನ್ನು ಮುಟ್ಟಲೇ ಇಲ್ಲ. ಶನಿವಾರ ರಾತ್ರಿ ಅಂಗಡಿಯ ಪಟ್ಟಿಯನ್ನು ಮಾಡುವಾಗ ಅಡಿಗೆಯಾಕೆ ಹಲಗೆಯನ್ನು ನೋಡಿ, ಅಕ್ಕಿ ಬೇಡವೆಂದು ಹೇಳಿಕಳುಹಿಸಿದಳು. ಭಾನುವಾರ ಮಕ್ಕಳನ್ನು ನೋಡಲು ಬಂದ ತಂದೆತಾಯಿಗಳಿಗೂ ಊಟವಾಯಿತು. ರಾತ್ರಿಗೆ ಒಂದು ಹಿಡಿಯೂ ಇರಲಿಲ್ಲ. ಚಿಕ್ಕ ಮಕ್ಕಳೆಲ್ಲರೂ ರಾಗಿಯ ಗಂಜಿಯನ್ನು ಕುಡಿದು ಮಲಗಿದರು. ಅಡಿಗೆಯಾಕೆ ತನ್ನ ಕೆಲಸವು ಹೋಯಿತೆಂದೇ ಎಣಿಸಿ ಸೆರಗಿನಿಂದ ಮುಖವನ್ನು ಮುಚ್ಚಿಕೊಂಡು ಅಳುತ್ತ ನಿಂತಿದ್ದಳು. ಅಮ್ಮನವರು ದೀಪವನ್ನು ಹಿಡಿದು ಬಂದು ಹಲಗೆಯನ್ನೂ ಅದರ ಕೆಳಗಿನ ತಾರೀಖನ್ನೂ ನೋಡಿದರು. "ಆಕೆ ಹಲಗೆಯನ್ನು ನಂಬಿದಳು; ನಂಬಿದುದು ತಪ್ಪಲ್ಲ. ಹಲಗೆಯನ್ನು ಬರೆದವರು ಯಾರು?" ಎಂದರು. ನನಗೆ ಕೊಟ್ಟ ಶಿಕ್ಷೆ ಏನೂ ದೊಡ್ಡದಲ್ಲ. ಆದರೆ ಅರುವತ್ತು ಮಂದಿಯ ಮುಂದೆ "ನಾನು" ಎಂದು ಹೇಳಬೇಕಾಯಿತು.

ಇನ್ನು ನನ್ನ ಉದ್ಯೋಗದ ವಿಷಯ. ಗಣಕಯಂತ್ರಕ್ಕೂ ಒಂದು ಉಗ್ರಾಣವಿರುವುದು. ಅದಕ್ಕೆ ಮೆಮೊರಿಯೆಂದು ಹೆಸರು. ಯಂತ್ರದಲ್ಲಿ ಒಂದೇ ವೇಳೆಯಲ್ಲಿ ನೂರಾರು ಕೆಲಸಗಳು ನಡೆಯುತ್ತಿರುವುವು; ನಡೆಯುತ್ತಿರುವ ಒಂದೊಂದು ಕೆಲಸವನ್ನೂ ಪ್ರೋಸೆಸ್ ಎನ್ನುವರು. ಯಾವ ಪ್ರೋಸೆಸ್ಸಿಗೆ ಎಷ್ಟು ಮೆಮೊರಿಯನ್ನು ಅಳೆದುಕೊಡಬೇಕೆಂದು ನೋಡಿಕೊಳ್ಳುವ ಯಜಮಾನಿಯೇ ಆಪರೇಟಿಂಗ್ ಸಿಸ್ಟಮ್. ನಾನು ಬಹುಕಾಲದಿಂದ ಬಲ್ಲುದು ಲಿನಕ್ಸ್ ಎಂಬ ವ್ಯವಸ್ಥೆಯನ್ನು. ಅದರ ಒಳತಿರುಳಿಗೆ ಕರ್ನಲ್ ಎಂದು ಹೆಸರು. ಅಳೆದುಕೊಡುವ ತುಂಡಿಗೆ ಪೇಜು ಎನ್ನುವರು. ಬಹುಪಾಲು ಯಂತ್ರಗಳಲ್ಲಿ ಒಂದು ಪೇಜೆಂದರೆ 4096 ಬೈಟುಗಳು.

ಲಿನಕ್ಸಿನಲ್ಲಿ ಪ್ರೊಕ್ ಎಂಬ ಒಂದು ವಿಚಿತ್ರವಾದ ಕಪಾಟಿರುವುದು. ಒಂದೊಂದು ಪ್ರೋಸೆಸ್ಸಿಗೂ ಅದರಲ್ಲಿ ಒಂದೊಂದು ಅರೆ. ಆ ಅರೆಯಲ್ಲಿ ಸ್ಟೇಟಸ್, ಸ್ಟ್ಯಾಟ್‌ಎಂ, ಸ್ಮ್ಯಾಪ್ಸ್ ಎಂಬಿವೇ ಮೊದಲಾದ ಕಡತಗಳು. ಈ ಕಡತಗಳು ಯಾವ ತಟ್ಟೆಯ ಮೇಲೂ ಬರೆದಿಟ್ಟವುಗಳಲ್ಲ. ಯಾರಾದರೂ ತೆರೆದು ಓದಹೊರಟರೆ, ಕರ್ನಲ್ ಆ ಕ್ಷಣದಲ್ಲಿ ಉತ್ತರವನ್ನು ಬರೆದುಕೊಡುವುದು. ಆದುದರಿಂದ ನಮ್ಮ ಬೋರ್ಡಿಂಗಿನ ಹಲಗೆಯಲ್ಲಿ ಹಳೆಯ ಅಂಕೆ ಉಳಿದಂತೆ ಇಲ್ಲಿ ಉಳಿಯಲಾರದು. ಹಳೆಯದಾಗುವುದು ಬೇರೊಂದು, ಆ ಅಂಕೆಗೆ ಇಂತಹದೇ ಅರ್ಥವೆಂದು ಕೈಪಿಡಿಯಲ್ಲಿ ಬರೆದಿಟ್ಟಿರುವ ಮಾತು. ಕರ್ನಲನ್ನು ಬರೆಯುವವರು ಎರಡು ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುವರು. ಒಳಗಿನ ಎಣಿಕೆಯ ಕ್ರಮವು ಬದಲಾಗುವುದು, ಅಂಕೆ ಅದೇ ಜಾಗದಲ್ಲಿಯೇ ನಿಂತಿರುವುದು, ಕೈಪಿಡಿ ಹಳೆಯ ಅರ್ಥವನ್ನೇ ಹೇಳುತ್ತಿರುವುದು.

ಸ್ಟ್ಯಾಟ್‌ಎಂ ಎಂಬ ಕಡತವನ್ನೇ ನೋಡಿರಿ. ಅದರಲ್ಲಿ ಒಂದೇ ಸಾಲು, ಏಳು ಅಂಕೆಗಳು. ಇವುಗಳಲ್ಲಿ ಐದನೆಯದೂ ಏಳನೆಯದೂ 2.6ನೆಯ ಆವೃತ್ತಿಯಿಂದ ಈಚೆಗೆ ಯಾವಾಗಲೂ ಸೊನ್ನೆ. ಹಾಗಾದರೆ ತೆಗೆದುಹಾಕಬಾರದೇಕೆಂದರೆ, ಎಷ್ಟೋ ಹಳೆಯ ಪ್ರೋಗ್ರಾಮುಗಳು ಅಂಕೆಗಳನ್ನು ಸ್ಥಾನದಿಂದಲೇ ಗುರುತಿಸಿ ಓದುತ್ತಿರುವುವು. ನಡುವಿನದೊಂದನ್ನು ತೆಗೆದರೆ ಆರನೆಯದನ್ನು ಐದನೆಯದೆಂದು ತಿಳಿದುಕೊಂಡಾವು. ಶಾಲೆಯನ್ನು ಬಿಟ್ಟುಹೋದ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ವರ್ಷದ ನಡುವೆ ಹೊಡೆದುಹಾಕದೆ, ಅವಳ ಮುಂದೆ ಖಾಲಿ ಮನೆಗಳನ್ನು ಬಿಡುತ್ತಿದ್ದಂತೆ ಇದು. ಆ ಎರಡು ಸೊನ್ನೆಗಳ ಅರ್ಥವನ್ನು ಕೈಪಿಡಿ ಹೇಳದಿದ್ದರೆ ಓದುವವನು ಏನೆಂದು ಭಾವಿಸಬೇಕು?

2009ರಲ್ಲಿ ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಯವರ ಉಪಯೋಗಕ್ಕಾಗಿ ಒಂದು ಪುಟವನ್ನು ಬರೆದೆನು. ಒಂದು ಪ್ರೋಗ್ರಾಮು ಎಷ್ಟು ಮೆಮೊರಿಯನ್ನು ನುಂಗುತ್ತಿದೆಯೆಂದು ತಿಳಿಯುವುದು ಹೇಗೆಂಬುದೇ ಅದರ ವಿಷಯ. ಸ್ಟೇಟಸ್ ಕಡತದಲ್ಲಿ ಆರ್‌ಎಸ್‌ಎಸ್ ಎಂಬ ಅಂಕೆಯನ್ನು ನೋಡಿರಿ. ಪ್ರೋಸೆಸ್ಸುಗಳು ಒಂದಕ್ಕಿಂತ ಹೆಚ್ಚಾಗಿದ್ದರೆ ಎಲ್ಲವುಗಳ ಆರ್‌ಎಸ್‌ಎಸ್ಸನ್ನೂ ಕೂಡಿರಿ. ಬಂದ ಮೊತ್ತವೇ ಉತ್ತರವೆಂದು ಬರೆದಿದ್ದೆನು. ಆ ದಿನಗಳಲ್ಲಿ ಅಲ್ಲಿಯ ಮುಖ್ಯ ಪ್ರೋಗ್ರಾಮು ಒಂದೇ ಪ್ರೋಸೆಸ್ಸಾಗಿ ನಡೆಯುತ್ತಿದ್ದುದರಿಂದ ಕೂಡುವ ಸಂದರ್ಭವೇ ಬರುತ್ತಿರಲಿಲ್ಲ. ಪುಟವು ಚೆನ್ನಾಗಿದೆಯೆಂದು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿಕೊಂಡೆನು, ಅದನ್ನು ಮತ್ತೆ ತೆರೆದು ನೋಡಲಿಲ್ಲ. ಎಂಟು ವರ್ಷಗಳಲ್ಲಿ ಆ ಪುಟವು ಪ್ರತಿಯಿಂದ ಪ್ರತಿಗೆ ಇಳಿದು, ಕೊನೆಗೆ ಅಲ್ಲಿಯ ಶಾಸನದಂತಾಯಿತು.

2017ರಲ್ಲಿ ನಮ್ಮ ತಂಡಕ್ಕೆ ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಳು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ, ಸರ್ಕಾರದ ಕಾಲೇಜಿನಿಂದ ಇಂಜಿನಿಯರಾಗಿ ಬಂದವಳು, ಮಾತು ಕಡಿಮೆ. ಆ ಮುಖ್ಯ ಪ್ರೋಗ್ರಾಮು ನಿಧಾನವಾಗಿದ್ದುದನ್ನು ಕಂಡು, ಆಕೆ ಅದನ್ನು ಇಪ್ಪತ್ತು ಪ್ರೋಸೆಸ್ಸುಗಳಾಗಿ ಕವಲೊಡೆಯುವಂತೆ ತಿದ್ದಿದಳು. ಕೆಲಸವು ಬಹಳ ವೇಗವಾಯಿತು. ಆದರೆ ಬದಲಾವಣೆಯನ್ನು ಒಪ್ಪುವುದಕ್ಕೆ ಮೊದಲು ನನ್ನ ಪುಟದ ಪ್ರಕಾರ ಮೆಮೊರಿಯ ಲೆಕ್ಕವನ್ನು ಕೊಡಬೇಕೆಂಬ ನಿಯಮವಿದ್ದಿತು. ಲೆಕ್ಕಮಾಡಿದರು: ಒಂದೊಂದರ ಆರ್‌ಎಸ್‌ಎಸ್ಸು 450 ಮೆಗಾಬೈಟು, ಇಪ್ಪತ್ತಕ್ಕೆ 9,000. ಮೊದಲು 450 ಇದ್ದುದು ಇಪ್ಪತ್ತು ಪಟ್ಟು ಹೆಚ್ಚಿತೆಂದು ವರದಿಯಾಯಿತು.

ಆಕೆ ಆ ಕಾಗದವನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬಂದಳು. "ಮೇಡಂ, ಈ ಯಂತ್ರದಲ್ಲಿ ಇರುವ ಮೆಮೊರಿಯೇ 8 ಗಿಗಾಬೈಟು. ಅದರಲ್ಲಿ 9 ಗಿಗಾಬೈಟು ಹೇಗೆ ಹಿಡಿಸಿತು?" ಎಂದು ಕೇಳಿದಳು.

ಎಂಟು ಸೇರಿನ ಡಬ್ಬದಲ್ಲಿ ಒಂಬತ್ತು ಸೇರು ಅಕ್ಕಿ ಇದೆಯೆಂದು ಯಾರಾದರೂ ಹೇಳಿದರೆ ಬೋರ್ಡಿಂಗಿನ ಅತಿ ಚಿಕ್ಕ ಹುಡುಗಿಯೂ ನಗುವಳು. ನಾನು ನಗಲಿಲ್ಲ, ಯೋಚಿಸಲೂ ಇಲ್ಲ. ಅಂದು ಸಂಜೆಯೊಳಗೆ ಮುಗಿಸಬೇಕಾದ ಬೇರೆ ಕೆಲಸವಿದ್ದಿತು. "ಕೈಪಿಡಿಯಲ್ಲಿರುವಂತೆ ಮಾಡಿದೆಯಾ? ಹಾಗಾದರೆ ಸರಿಯಾಗಿಯೇ ಇರಬೇಕು" ಎಂದು ಹೇಳಿ ಕಳುಹಿಸಿಬಿಟ್ಟೆನು. ಕೈಪಿಡಿಯನ್ನು ಬರೆದವಳು ನಾನೇ ಎಂಬುದು ಆಕೆಗೆ ತಿಳಿದಿದ್ದಿತು. ಅದರ ಮೇಲೆ ಮಾತಾಡಲು ಆಕೆಗೆ ಬಾಯಿಬರಲಿಲ್ಲ.

ಆಕೆಯ ಕೆಲಸವನ್ನು ತಿರಸ್ಕರಿಸಿದರು. ಮೆಮೊರಿಯ ವಿಷಯದಲ್ಲಿ ಅಜಾಗರೂಕಳೆಂದು ವರ್ಷಾಂತ್ಯದ ಅಭಿಪ್ರಾಯದಲ್ಲಿ ಒಂದು ವಾಕ್ಯವು ಸೇರಿತು. ಮೂರು ತಿಂಗಳೊಳಗೆ ಆಕೆ ರಾಜೀನಾಮೆಯನ್ನು ಕೊಟ್ಟು ಹೋದಳು. ಹೋಗುವ ದಿನ ಎಲ್ಲರ ಮೇಜಿಗೂ ಬಂದು ಸಿಹಿಯನ್ನು ಹಂಚಿದಳು. ನನಗೂ ಒಂದು ಪೇಡೆಯನ್ನು ಕೊಟ್ಟಳು.

ಮರುವರ್ಷ ಬೇರೊಂದು ಪುಟವನ್ನು ಬರೆಯುವ ಸಲುವಾಗಿ ಸ್ಮ್ಯಾಪ್ಸ್ ಎಂಬ ಕಡತವನ್ನು ಕೂಲಂಕಷವಾಗಿ ಓದಬೇಕಾಗಿ ಬಂದಿತು. ಅದು 2005ರಿಂದಲೂ ಲಿನಕ್ಸಿನಲ್ಲಿದ್ದ ಕಡತ. ಹೆಸರನ್ನು ಬಲ್ಲೆ, ಒಳಹೊಕ್ಕು ನೋಡಿರಲಿಲ್ಲ. ಅದರಲ್ಲಿ ಆರ್‌ಎಸ್‌ಎಸ್ಸಿನ ಪಕ್ಕದಲ್ಲಿಯೇ ಪಿಎಸ್‌ಎಸ್ ಎಂಬ ಇನ್ನೊಂದು ಅಂಕೆಯು ಇರುವುದು. ಅದರ ವಿವರಣೆಯನ್ನು ಓದುತ್ತಿದ್ದಂತೆಯೇ ನನ್ನ ಕೈಕಾಲುಗಳು ತಣ್ಣಗಾದುವು.

ಆ ಎರಡರ ವ್ಯತ್ಯಾಸವನ್ನು ನಮ್ಮ ಶಾಲೆಯ ಮಾತಿನಲ್ಲಿಯೇ ಹೇಳಬಹುದು. ಬೆಳಗಿನ ಕೂಟದಲ್ಲಿ ಒಂದು ಸಂಗೀತ ಪುಸ್ತಕವನ್ನು ಇಪ್ಪತ್ತು ಹುಡುಗಿಯರ ನಡುವೆ ಇಟ್ಟಿದ್ದಾರೆನ್ನಿರಿ. ಒಬ್ಬೊಬ್ಬಳನ್ನೂ ಕರೆದು "ನಿನ್ನ ಕಣ್ಣ ಮುಂದೆ ಎಷ್ಟು ಪುಸ್ತಕಗಳಿವೆ?" ಎಂದು ಕೇಳಿದರೆ, ಪ್ರತಿಯೊಬ್ಬಳೂ "ಒಂದು" ಎನ್ನುವಳು. ಅದು ಸುಳ್ಳಲ್ಲ. ಆದರೆ ಆ ಉತ್ತರಗಳನ್ನು ಕೂಡಿ, ಶಾಲೆಯಲ್ಲಿ ಇಪ್ಪತ್ತು ಪುಸ್ತಕಗಳಿವೆಯೆಂದು ಬರೆದುಕೊಂಡರೆ ಅದು ಕೂಡಿದವರ ಮೂರ್ಖತನ. ಒಂದು ಪ್ರೋಸೆಸ್ಸು ಕವಲೊಡೆದಾಗ ಮಕ್ಕಳು ತಾಯಿಯ ಪೇಜುಗಳನ್ನೇ ಹಂಚಿಕೊಂಡು ಓದುತ್ತಿರುವುವು. ಯಾರಾದರೂ ಒಂದು ಪೇಜಿನಲ್ಲಿ ಬರೆಯಹೊರಟರೆ ಮಾತ್ರ ಕರ್ನಲ್ ಆ ಒಂದು ಪೇಜಿನ ಪ್ರತಿಯನ್ನು ಬೇರೆಯಾಗಿ ಮಾಡಿಕೊಡುವುದು. ಆರ್‌ಎಸ್‌ಎಸ್ ಎಂಬುದು "ನನ್ನ ಕಣ್ಣ ಮುಂದಿರುವುದೆಷ್ಟು" ಎಂಬುದಕ್ಕೆ ಉತ್ತರ. ಪಿಎಸ್‌ಎಸ್ ಎಂಬುದು, ಹಂಚಿಕೊಂಡುದನ್ನು ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿ, "ನನ್ನ ಪಾಲಿಗೆ ಬಂದುದೆಷ್ಟು" ಎಂಬುದಕ್ಕೆ ಉತ್ತರ. ಪಾಲುಗಳನ್ನು ಕೂಡಬಹುದು, ನೋಟಗಳನ್ನು ಕೂಡಲಾಗದು.

ಆಕೆಯ ಪ್ರೋಗ್ರಾಮಿನಲ್ಲಿ 400 ಮೆಗಾಬೈಟಿನ ಒಂದು ದೊಡ್ಡ ಕೋಷ್ಟಕವು ಇಪ್ಪತ್ತು ಪ್ರೋಸೆಸ್ಸುಗಳಿಗೂ ಸಾಮಾನ್ಯವಾಗಿದ್ದಿತು. ಒಂದೊಂದಕ್ಕೂ ಸ್ವಂತವಾದುದು 50 ಮಾತ್ರ. ನಾನು ಹಳೆಯ ಪ್ರತಿಯನ್ನು ಹುಡುಕಿ ತೆಗೆದು ನಡೆಸಿ ನೋಡಿದೆನು. ಒಂದೊಂದರ ಪಿಎಸ್‌ಎಸ್ಸು 70ರ ಸುಮಾರು. ಎಲ್ಲವೂ ಕೂಡಿ 1,400. ಒಂಬತ್ತು ಸಾವಿರವಲ್ಲ. ಆಕೆ ಮಾಡಿದ ಕೆಲಸವು ನಿರ್ದೋಷವಾಗಿದ್ದಿತು. ಆಕೆ ಕೇಳಿದ ಪ್ರಶ್ನೆಯೂ ಸರಿಯಾಗಿಯೇ ಇದ್ದಿತು. ನನ್ನ ಪುಟವು ಬರೆದ ದಿನ ಯಾರನ್ನೂ ದಾರಿತಪ್ಪಿಸುವಂತಹದಾಗಿರಲಿಲ್ಲ. ಅದರ ಸುತ್ತಲಿನ ಲೋಕವು ಬದಲಾದ ಮೇಲೆಯೂ ಅದು ಹಾಗೆಯೇ ನಿಂತಿದ್ದಿತು.

ಮೇಲಧಿಕಾರಿಗಳಿಗೆ ಎಲ್ಲವನ್ನೂ ಬರೆದು ತಿಳಿಸಿದೆನು. "ಆಗಿಹೋದುದಕ್ಕೆ ಈಗೇಕೆ? ಪುಟವನ್ನು ತಿದ್ದಿಬಿಡಿ" ಎಂಬ ಉತ್ತರ ಬಂದಿತು. ಹಲಗೆಯನ್ನು ಬರೆದವರು ಯಾರೆಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿದ್ದಿತು. ಪುಟವನ್ನು ತಿದ್ದಿದೆನು, ಆಕೆಯ ಮೇಲೆ ಬರೆದ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮತ್ತೆರಡು ಸಾರಿ ಬರೆದೆನು, ಮೂರನೆಯ ಸಾರಿಗೆ ತೆಗೆದರು. ಆಕೆಗೂ ಒಂದು ಕಾಗದವನ್ನು ಬರೆದೆನು. ಕ್ಷಮಿಸೆಂದು ಕೇಳುವುದಕ್ಕಿಂತ, ನಡೆದುದೇನೆಂಬುದನ್ನು ಅಂಕೆಗಳೊಡನೆ ಬಿಡಿಸಿ ಹೇಳುವುದೇ ಮೇಲೆಂದು ತೋರಿತು. ಉತ್ತರ ಬರಲಿಲ್ಲ.

ಅಲ್ಲಿಂದ ಮುಂದೆ, ದೊಡ್ಡವರು ಈ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡುವ ಹುಚ್ಚು ನನಗೆ ಹಿಡಿಯಿತು. ಯುನಿಕ್ಸ್ ಎಂಬ ವ್ಯವಸ್ಥೆಯ ಮೊದಲನೆಯ ಕೈಪಿಡಿಯು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಎಂಬವರಿಂದ 1971ರ ನವೆಂಬರ್ 3ರ ತಾರೀಖಿನಿಂದ ಹೊರಟಿತು. ಆ ಕೈಪಿಡಿಗಳಲ್ಲಿ ನನಗೆ ಬಹಳ ಹಿಡಿಸಿದುದು, ಪುಟದ ಕೊನೆಯಲ್ಲಿ "ದೋಷಗಳು" ಎಂಬ ಶಿರೋನಾಮೆಯ ಕೆಳಗೆ, ತಾವು ಮಾಡಿದ ವಸ್ತುವಿನ ಕುಂದುಗಳನ್ನು ತಾವೇ ಬರೆದುಕೊಳ್ಳುವ ಪದ್ಧತಿ. ಈ ಸಂಪ್ರದಾಯದಲ್ಲಿಯೇ ಬೆಳೆದುದು ಲಿನಕ್ಸಿನ ಮ್ಯಾನ್ ಪುಟಗಳು. 1995ರಿಂದ 2004ರವರೆಗೆ ಆಂಡ್ರೀಸ್ ಬ್ರೌವರ್ ಎಂಬವರು ಅವುಗಳನ್ನು ನೋಡಿಕೊಂಡರು. ಅನಂತರ ಮೈಕೇಲ್ ಕೆರಿಸ್ಕ್ ಎಂಬವರು ಆ ಭಾರವನ್ನು ವಹಿಸಿಕೊಂಡು ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಹೊತ್ತರು. 2020ರಿಂದ ಅಲೆಹಾಂದ್ರೋ ಕೊಲೋಮಾರ್ ಎಂಬವರು ಜೊತೆಗೂಡಿದರು. ತಪ್ಪನ್ನು ಕಂಡವರು ಯಾರೇ ಆಗಲಿ ತಿದ್ದುಪಡಿಯನ್ನು ಬರೆದು ಕಳುಹಿಸಬಹುದು. ಪರೀಕ್ಷಿಸಿ, ಸರಿಕಂಡರೆ ಸೇರಿಸುವರು.

ಪ್ರೊಕ್ ಕಪಾಟನ್ನು ವಿವರಿಸುವ ಮ್ಯಾನ್ ಪುಟದಲ್ಲಿ ಎಷ್ಟೋ ಅಂಕೆಗಳ ಪಕ್ಕದಲ್ಲಿ ಅದು ಹುಟ್ಟಿದ ಆವೃತ್ತಿಯನ್ನು ಬರೆದಿರುವರು: ಇದು 2.6.10ರಿಂದ, ಇದು 2.6.34ರಿಂದ, ಇದು 4.5ರಿಂದ. ಒಂದು ಅಂಕೆಯಂತೂ 4.0ರಲ್ಲಿ ಸೇರಿ 4.15ರಲ್ಲಿ ಹೊರಟುಹೋಯಿತೆಂದು ಹುಟ್ಟುಸಾವುಗಳೆರಡನ್ನೂ ಬರೆದಿದೆ. ಅದನ್ನು ಮೊದಲ ಸಾರಿ ಗಮನವಿಟ್ಟು ಓದಿದಾಗ, ಹಲಗೆಯ ಕೆಳಗೆ ಗಂಟೆಯನ್ನು ಬರೆಯಿಸುತ್ತಿದ್ದ ಅಮ್ಮನವರು ಕಣ್ಣ ಮುಂದೆ ಬಂದು ನಿಂತರು.

ಇಷ್ಟು ಎಚ್ಚರವುಳ್ಳವರ ಕೈಯಲ್ಲಿಯೂ ಪುಟವು ಹಿಂದುಳಿಯುವುದುಂಟು. 2010ರಲ್ಲಿ ಹೊರಟ 2.6.34ನೆಯ ಆವೃತ್ತಿಯಲ್ಲಿ ಆರ್‌ಎಸ್‌ಎಸ್ಸನ್ನು ಎಣಿಸುವ ಕ್ರಮವನ್ನು ಬದಲಾಯಿಸಿದರು. ಒಂದೊಂದು ಪೇಜು ಬಂದಾಗಲೂ ಎಲ್ಲರೂ ಒಂದೇ ಲೆಕ್ಕದ ಪುಸ್ತಕಕ್ಕೆ ಮುಗಿಬೀಳುವುದರಿಂದ ಕೆಲಸವು ನಿಧಾನವಾಗುತ್ತದೆಂದು, ಪ್ರೋಸೆಸ್ಸಿನ ಒಂದೊಂದು ಎಳೆಯೂ ತನ್ನ ಚೀಟಿಯಲ್ಲಿ ಗುರುತುಹಾಕಿಕೊಂಡು, ಸುಮಾರು 64 ಸಾರಿ ಪೇಜುಗಳನ್ನು ಬೇಡಿದ ಮೇಲೆ ಒಮ್ಮೆ ದೊಡ್ಡ ಪುಸ್ತಕಕ್ಕೆ ಸೇರಿಸುವಂತೆ ಮಾಡಿದರು. ವೇಗವು ಹೆಚ್ಚಿತು, ಆದರೆ ಅಂದಿನಿಂದ ಆ ಅಂಕೆಯು ಸ್ವಲ್ಪ ಹಿಂದುಮುಂದಾಗಿರಬಹುದಾಯಿತು. ಕರ್ನಲಿನ ಒಳಗಿರುವ ಟಿಪ್ಪಣಿಯಲ್ಲಿ ಆ ಸಂಗತಿಯನ್ನು ಆಗಲೇ ಬರೆದಿಟ್ಟರು. ಎಲ್ಲರೂ ಓದುವ ಮ್ಯಾನ್ ಪುಟದಲ್ಲಿ, ಈ ಅಂಕೆ ನಿಖರವಲ್ಲ, ನಿಖರವಾದುದು ಬೇಕಾದರೆ ನಿಧಾನವಾದರೂ ಸ್ಮ್ಯಾಪ್ಸ್ ಕಡತವನ್ನೋ, 2017ರಲ್ಲಿ ಬಂದ ಅದರ ಸಂಗ್ರಹರೂಪವಾದ ಸ್ಮ್ಯಾಪ್ಸ್ ರೋಲಪ್ಪನ್ನೋ ನೋಡಿರಿ ಎಂಬ ಎಚ್ಚರಿಕೆಯು ಸೇರಿದುದು 2020ರಲ್ಲಿ. ನಡುವೆ ಹತ್ತು ವರ್ಷಗಳು. ಯಾರ ಅಪರಾಧವೂ ಅಲ್ಲ. ಅಡಿಗೆಮನೆಯಲ್ಲಿ ಒಂದು ಹಲಗೆಯನ್ನು ತಿದ್ದಿದರು, ಊಟದ ಮನೆಯಲ್ಲಿದ್ದ ಅದರ ಪ್ರತಿಯನ್ನು ತಿದ್ದುವವರು ಇರಲಿಲ್ಲ, ಅಷ್ಟೇ.

ಇದಕ್ಕೂ ವಿನೋದವಾದುದೊಂದುಂಟು. ಇಡೀ ಯಂತ್ರದ ಮೆಮೊರಿಯನ್ನು ತಿಳಿಸುವ ಕಡತದಲ್ಲಿ ಒಂದು ಅಂಕೆಯನ್ನು ಲೆಕ್ಕಹಾಕುವುದೇ ದಂಡವೆಂದು 2016ರ ಜನವರಿಯಲ್ಲಿ ಹೊರಟ 4.4ನೆಯ ಆವೃತ್ತಿಯಿಂದ ಬರಿಯ ಸೊನ್ನೆಯನ್ನಿಟ್ಟರು. ಕೈಪಿಡಿಯವರು ಶ್ರದ್ಧೆಯಿಂದ "ಇದು ಇನ್ನು ಮೇಲೆ ಯಾವಾಗಲೂ ಸೊನ್ನೆ" ಎಂದು ಬರೆದರು. 2019ರ 5.3ನೆಯ ಆವೃತ್ತಿಯಲ್ಲಿ ಸುಲಭವಾಗಿ ಎಣಿಸುವ ಉಪಾಯವು ಸಿಕ್ಕಿ, ನಿಜವಾದ ಅಂಕೆಯು ಮತ್ತೆ ಬಂದು ಕುಳಿತಿತು! ಸರಿಯಾಗಿ ತಿದ್ದಿದ ವಾಕ್ಯವೇ ಮೂರು ವರ್ಷಗಳಲ್ಲಿ ತಪ್ಪಾಯಿತು.

ನನ್ನ ಪುಟದ ಮಾತಿಗೆ ಬರುತ್ತೇನೆ. ತಿದ್ದಿದ ಮೇಲೆ ಅದರ ತಲೆಯಲ್ಲಿ, ಯಾವ ಆವೃತ್ತಿಯ ಕರ್ನಲಿನಲ್ಲಿ, ಯಾವ ಬಗೆಯ ಯಂತ್ರದಲ್ಲಿ, ಯಾವ ದಿನ ಈ ಮಾತುಗಳನ್ನು ಪರೀಕ್ಷಿಸಿದೆನೆಂಬುದನ್ನು ಬರೆಯತೊಡಗಿದೆನು. ಹೊಸ ಯಂತ್ರವು ಬಂದಾಗಲೆಲ್ಲ ಪುಟದಲ್ಲಿರುವ ಒಂದೊಂದು ಅಪ್ಪಣೆಯನ್ನೂ ನಾನೇ ಕೊಟ್ಟು ನೋಡುವೆನು. ಹೀಗೆ ನೋಡುವಾಗ ಸಿಕ್ಕಿಬಿದ್ದ ಇನ್ನೊಂದು ಹುಳುಕನ್ನು ಹೇಳಿಬಿಡುವೆನು. ಸ್ಟ್ಯಾಟ್‌ಎಂ ಕಡತವು ಲೆಕ್ಕವನ್ನು ಪೇಜುಗಳಲ್ಲಿ ಹೇಳುವುದು. ಕಿಲೋಬೈಟುಗಳನ್ನು ತಿಳಿಯಬೇಕಾದರೆ ನಾಲ್ಕರಿಂದ ಗುಣಿಸಿರಿ ಎಂದು 2009ರಲ್ಲಿ ಬರೆದಿದ್ದೆನು. ಆರ್ಮ್ ಎಂಬ ಜಾತಿಯ ಯಂತ್ರವೊಂದನ್ನು ತರಿಸಿದರು. ಅದರಲ್ಲಿ ಒಂದು ಪೇಜು 64 ಕಿಲೋಬೈಟಿನದಾಗಿದ್ದಿತು. ನನ್ನ ವಾಕ್ಯವನ್ನು ನಂಬಿದವರು ಹದಿನಾರರಲ್ಲಿ ಒಂದು ಪಾಲನ್ನು ಮಾತ್ರ ಕಾಣುತ್ತಿದ್ದರು. ಪೇಜಿನ ಅಳತೆಯನ್ನು ಯಂತ್ರವನ್ನೇ ಕೇಳಬಹುದು. "ನಾಲ್ಕು" ಎಂದು ಬರೆಯುವ ಬದಲು "ಕೇಳಿ ತಿಳಿದು ಗುಣಿಸಿರಿ" ಎಂದು ಬರೆದಿದ್ದರೆ ಆ ವಾಕ್ಯಕ್ಕೆ ಮುಪ್ಪೇ ಬರುತ್ತಿರಲಿಲ್ಲ. ಅನೇಕ ವಾಕ್ಯಗಳನ್ನು ಹೀಗೆ ಬದಲಾಯಿಸಿದೆನು.

ಇನ್ನೊಂದು ಅಭ್ಯಾಸವನ್ನೂ ಇಟ್ಟುಕೊಂಡೆನು. ಆ ಪುಟದಲ್ಲಿ ಗುಟ್ಟಿನ ಸಂಗತಿಗಳೇನೂ ಇಲ್ಲವಾದುದರಿಂದ, ಮೇಲಿನವರ ಒಪ್ಪಿಗೆಯನ್ನು ಪಡೆದು, ತಿದ್ದಿದಾಗಲೆಲ್ಲ ಒಂದು ಪ್ರತಿಯನ್ನು ಆಕೆಗೂ ಕಳುಹಿಸುತ್ತ ಬಂದೆನು. ಉತ್ತರವನ್ನು ನಿರೀಕ್ಷಿಸಿ ಕಳುಹಿಸಿದುದಲ್ಲ. ಆಕೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸದಲ್ಲಿರುವಳೆಂದು ಮಾತ್ರ ಯಾರಿಂದಲೋ ತಿಳಿದಿದ್ದಿತು.

2023ರ ಮಳೆಗಾಲದಲ್ಲಿ, ನಾನು ಮೊದಲನೆಯ ಕಾಗದವನ್ನು ಬರೆದು ಐದು ವರ್ಷಗಳಾದ ಮೇಲೆ, ಆಕೆಯಿಂದ ನಾಲ್ಕು ಸಾಲುಗಳು ಬಂದುವು. ಕ್ಷೇಮಸಮಾಚಾರವಿಲ್ಲ, ಹಳೆಯ ಮಾತಿಲ್ಲ. "ಮೇಡಂ, ನಿಮ್ಮ ಪುಟದ ಮೂರನೆಯ ಪ್ಯಾರಾದಲ್ಲಿ 64 ಎಂದಿದೆ. ಈ ಫೆಬ್ರವರಿಯಲ್ಲಿ ಬಂದ 6.2ರಿಂದ ಅದು ಹಾಗಿಲ್ಲ. ಈಗ ಚೀಟಿಗಳು ಎಳೆಗಳ ಬಳಿ ಇಲ್ಲ, ಪ್ರೊಸೆಸರುಗಳ ಬಳಿ ಇವೆ. ಪ್ರೊಸೆಸರುಗಳು ಹೆಚ್ಚಾದಷ್ಟೂ ವ್ಯತ್ಯಾಸ ಹೆಚ್ಚಬಹುದು. ನೋಡಿ ತಿದ್ದಿರಿ."

ನೋಡಿದೆನು. ನಮ್ಮಲ್ಲಿದ್ದ ಯಂತ್ರಗಳಲ್ಲಿ ಎರಡು ಆಗಲೇ ಹೊಸ ಕರ್ನಲಿಗೆ ಬಂದಿದ್ದುವು; ಅವುಗಳಲ್ಲಿ ಪರೀಕ್ಷಿಸಿದೆನು; ಕರ್ನಲಿನ ಮೂಲವನ್ನು ತೆರೆದು ಓದಿದೆನು. ಆಕೆ ಹೇಳಿದುದು ಅಕ್ಷರಶಃ ನಿಜವಾಗಿದ್ದಿತು. ಹಳೆಯ ಯಂತ್ರಗಳು ಇನ್ನೂ ನಡೆಯುತ್ತಿದ್ದುದರಿಂದ ಹಳೆಯ ವಾಕ್ಯವನ್ನು ಹೊಡೆದುಹಾಕದೆ, "2.6.34ರಿಂದ 6.1ರವರೆಗೆ" ಎಂದು ಅದರ ಮುಂದೆ ಸೇರಿಸಿ, ಕೆಳಗೆ ಹೊಸದನ್ನು ಬರೆದೆನು. ಅದರ ತರುವಾಯವೂ ಆ ಎಣಿಕೆಯ ವಿಷಯದಲ್ಲಿ ತಿದ್ದುಪಡಿಗಳು ಬಂದಿರುವುವು. ನನ್ನ ವಾಕ್ಯಗಳೂ ಅದಕ್ಕೆ ತಕ್ಕಂತೆ ಉದ್ದವಾಗಿರುವುವು. ಅಂದು ಮಾತ್ರ, ಪುಟದ ಅಡಿಯಲ್ಲಿ ಬರೆದವರ ಹೆಸರಿರುವ ಜಾಗದಲ್ಲಿ ನನ್ನ ಹೆಸರಿನ ಕೆಳಗೆ ಆಕೆಯ ಹೆಸರನ್ನೂ ಸೇರಿಸಬಹುದೇ ಎಂದು ಕೇಳಿ ಬರೆದೆನು. ಮರುದಿನ "ಸೇರಿಸಿ" ಎಂಬ ಒಂದೇ ಮಾತಿನ ಉತ್ತರ ಬಂದಿತು. ಸೇರಿಸಿ, ತಾರೀಖನ್ನು ಹಾಕಿ, ಹಳೆಯ ಅಭ್ಯಾಸದಂತೆ ಗಂಟೆಯನ್ನೂ ಬರೆದೆನು.